ಅಂಡರ್‌ಗ್ರೌಂಡ್ ಕಲ್ಲಿದ್ದಲು ಗಣಿಗೆ ಕರೆ ಬಂದಿದೆ, ಅಮ್ಮ ಬೇಡ ಅಂತಿದ್ದಾರೆ. ಒಳಗೆ ಇಳಿದವರು ಇದ್ದರೆ ನಿಜ ಹೇಳಿ

ಸಿಂಧನೂರು ಹುಡುಗ

ಎಲ್ಲರಿಗೂ ನಮಸ್ಕಾರ. ಮೈನಿಂಗ್ ಡಿಪ್ಲೊಮಾ ಮುಗಿಸಿದ್ದೇನೆ. ತೆಲಂಗಾಣದ ಒಂದು ಕಲ್ಲಿದ್ದಲು ಗಣಿಯಿಂದ ಒಂದು ವರ್ಷದ ಟ್ರೈನಿಂಗ್‌ಗೆ ಕರೆ ಬಂದಿದೆ. ಮೇಲಿಂದ ತೋಡುವ ಓಪನ್‌ಕಾಸ್ಟ್ ಅಲ್ಲ, ನೆಲದೊಳಗೆ ಇಳಿಯುವ ಅಂಡರ್‌ಗ್ರೌಂಡ್. ಅದು ಮುಗಿದರೆ ಓವರ್‌ಮನ್ (ಗಣಿಯೊಳಗಿನ ಮೇಲ್ವಿಚಾರಕ) ಪರೀಕ್ಷೆ ಬರೆಯಬಹುದು. ನನಗೆ ಹೋಗುವ ಮನಸ್ಸಿದೆ.

ಅಮ್ಮ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. 2023ರಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಜನ 17 ದಿನ ಸಿಕ್ಕಿಹಾಕಿಕೊಂಡಿದ್ದರಲ್ಲ, ಅದನ್ನು ಟಿವಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ನೋಡಿದವರು ಅವರು. ಅದು ರಸ್ತೆ ಸುರಂಗ, ಗಣಿ ಅಲ್ಲ ಅಂದೆ. "ಮೇಲೆ ಗುಡ್ಡ, ಕೆಳಗೆ ನೀನು. ಎರಡಕ್ಕೂ ಏನು ವ್ಯತ್ಯಾಸ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಕೇಳುವುದು ಒಂದೇ ಮಾತು: "ಮೇಲಿಂದು ಬೀಳುತ್ತಾ, ಬೀಳಲ್ವಾ?" ಕಾಲೇಜಿನಲ್ಲಿ ಓದಿದ್ದು ಗೊತ್ತಿದೆ. ಒಳಗೆ ಕೆಲಸ ಮಾಡಿದವರ ಮಾತು ಬೇಕು.

ಬಂಡೆಪ್ಪ 77

ಬಸ್ಸಲ್ಲಿ ಹೋದವರೂ ಸಾಯುತ್ತಾರೆ, ಮನೆಯಲ್ಲಿ ಮಲಗಿದವರೂ ಸಾಯುತ್ತಾರೆ. ಕೆಲಸ ಸಿಗದೆ ಜನ ಒದ್ದಾಡುತ್ತಿದ್ದಾರೆ. ಸುಮ್ನೆ ಹೋಗಿ ಸೇರು ಮಾರಾಯ.

ನಿವೃತ್ತ ಓವರ್‌ಮನ್

ತಮ್ಮಾ, ನಾನೂ ರಾಯಚೂರು ಜಿಲ್ಲೆಯವನೇ. 31 ವರ್ಷ ಒಳಗೆ ಕೆಲಸ ಮಾಡಿದೆ. ಟಬ್ ಅನ್ನುವ ಗಾಡಿಗೆ ಕಲ್ಲಿದ್ದಲು ತುಂಬುವ ಫಿಲ್ಲರ್ ಆಗಿ ಸೇರಿ, ಓವರ್‌ಮನ್ ಆಗಿ ಹೊರಗೆ ಬಂದೆ. ಅಲ್ಲಿ ಯಾರೂ ಅದನ್ನು ಗಣಿ ಅನ್ನುವುದಿಲ್ಲ, 'ಬೊಗ್ಗು ಬಾಯಿ' ಅಂತಾರೆ. ಆ ಕಡೆಯ ತೆಲುಗಿನಲ್ಲಿ ಬೊಗ್ಗು ಅಂದರೆ ಕಲ್ಲಿದ್ದಲು, ಬಾಯಿ ಅಂದರೆ ಬಾವಿ. ಮೊದಮೊದಲು ನನಗೆ ನಮ್ಮ ಕನ್ನಡದ ಬಾಯಿಯೇ ನೆನಪಾಗಿ ಹೆದರಿಕೆ ಆಗುತ್ತಿತ್ತು.

ನಿಮ್ಮ ಅಮ್ಮ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಬೀಳುತ್ತೆ. ಅಷ್ಟೇ ಅಲ್ಲ, ನಾವೇ ಬೀಳಿಸುತ್ತೇವೆ.

ಹೇಗೆ ಅಂದರೆ, ಹಂಪಿಯ ಕಂಬದ ಮಂಟಪ ನೆನಪು ಮಾಡಿಕೋ. ಮೊದಲು ಕಲ್ಲಿದ್ದಲಿನ ಪದರದಲ್ಲಿ ಅಡ್ಡ ಉದ್ದ ಓಣಿ ಕೊರೆದು, ನಡುವೆ ಕಂಬ ಬಿಡುತ್ತೇವೆ. ಬೋರ್ಡ್ ಅಂಡ್ ಪಿಲ್ಲರ್ ಅನ್ನುವುದು ಇದಕ್ಕೇ. ಆಮೇಲೆ ಆ ಕಂಬಗಳೂ ಬೇಕು, ಅದೂ ಕಲ್ಲಿದ್ದಲೇ ತಾನೇ? ಹಾಗಾಗಿ ಒಳಗಿನಿಂದ ಒಂದೊಂದೇ ಕಂಬ ತೆಗೆಯುತ್ತಾ ಬಾಗಿಲ ಕಡೆ ಹಿಂದೆ ಹಿಂದೆ ಬರುತ್ತೇವೆ. ಇದು ಡಿಪಿಲ್ಲರಿಂಗ್. ಕಂಬ ತೆಗೆದ ಜಾಗ ಗೋಫ್. ಗೋಫಿನ ರೂಫ್ ಬೀಳಲೇಬೇಕು, ಬೀಳದಿದ್ದರೆ ಅದರ ಭಾರ ಎಲ್ಲಾ ನಾವು ನಿಂತಿರುವ ಕಡೆ ಕೂರುತ್ತೆ. ನಾವು ಆ ಅಂಚಿನಲ್ಲಿ ಕೆಲಸ ಮಾಡುತ್ತೇವೆ. ಪ್ರಶ್ನೆ ಇರುವುದು ಬೀಳುತ್ತಾ ಅಂತಲ್ಲ. ಯಾವಾಗ, ಎಲ್ಲಿವರೆಗೆ ಅಂತ.

ಅದು ಹೇಳದೆ ಬೀಳುವುದು ಕಮ್ಮಿ. ಕೈಗೆ ಎಟುಕುವ ಕಡೆ ಎಡ ಅಂಗೈಯನ್ನು ರೂಫಿಗೆ ಒತ್ತಿ ಹಿಡಿದು, ಬಲಗೈಯಲ್ಲಿ ಸಲಾಕೆ ತಗೊಂಡು ಬಡಿಯಬೇಕು. ಸುಟ್ಟ ಹೊಸ ಮಡಕೆಯ ಹಾಗೆ ಟಣ್ ಅಂದರೆ ಗಟ್ಟಿ. ಒಡಕು ಮಡಕೆಯ ಹಾಗೆ ಡಬ್ ಅಂದರೆ ಪದರ ಬಿಟ್ಟಿದೆ. ಕೆಲವು ಸಲ ಕಿವಿಗೆ ಟಣ್ ಅಂತಲೇ ಕೇಳುತ್ತೆ, ಆದರೆ ಅಂಗೈಗೆ ಸಣ್ಣಗೆ ಜುಮ್ ಅನ್ನುತ್ತೆ. ಆಗ ಅಂಗೈಯನ್ನು ನಂಬಬೇಕು. ನನಗೆ ಇದನ್ನು ಕಲಿಸಿದ ಡ್ರೆಸ್ಸರ್‌ಗೆ, ಅಂದರೆ ರೂಫಿನ ಸಡಿಲ ಕಲ್ಲು ಕೆಡವುವವನಿಗೆ, ಓದು ಬರಹ ಬರುತ್ತಿರಲಿಲ್ಲ.

ರೂಫಿಗೆ ಆನಿಸಿ ನಿಲ್ಲಿಸಿದ ಕಟ್ಟಿಗೆಯ ಗೂಟ ಕೂಡ ಮಾತಾಡುತ್ತೆ. ಭಾರ ಬಂದಾಗ ಮೊದಲು ಚಿಟಿಚಿಟಿ, ಆಮೇಲೆ ನಾರು ಬಿಡುವ ಸದ್ದು. ಕಬ್ಬಿಣದ ಗೂಟ ಬಂದಾಗ ಹಳಬರು ಗೊಣಗಿದ್ದು ಇದಕ್ಕೇ. ಅದಕ್ಕೆ ಶಕ್ತಿ ಜಾಸ್ತಿ, ಮಾತು ಕಮ್ಮಿ.

ಉಳಿದದ್ದು ರಾತ್ರಿ ಬರೆಯುತ್ತೇನೆ.

ಶಕ್ತಿನಗರ ನೈಟ್ ಶಿಫ್ಟ್

ಓವರ್‌ಮನ್ ಸರ್, ಇದನ್ನು ಓದಿ ಒಂದು ವಿಷಯ ಈಗ ಗೊತ್ತಾಯಿತು. ನಾನು ಇಲ್ಲಿನ ಥರ್ಮಲ್ ಪವರ್ ಸ್ಟೇಷನ್‌ನ ಕೋಲ್ ಹ್ಯಾಂಡ್ಲಿಂಗ್‌ನಲ್ಲಿ ಇದ್ದೆ. ವ್ಯಾಗನ್ ಬಗ್ಗಿಸಿದಾಗ ಕಲ್ಲಿದ್ದಲಿನ ಜೊತೆ ಕೆಲವು ಸಲ ಕಟ್ಟಿಗೆ ತುಂಡು ಬರುತ್ತಿತ್ತು. ತೊಡೆಯಷ್ಟು ದಪ್ಪ, ಒಂದು ತುದಿ ಬ್ರಷ್ಷಿನ ಹಾಗೆ ನಾರುನಾರು. ರೈಲ್ವೆಯವರ ಕಟ್ಟಿಗೆ ಅಂದುಕೊಂಡು ಚಳಿಗೆ ಸುಟ್ಟಿದ್ದೇವೆ.

ನಿವೃತ್ತ ಓವರ್‌ಮನ್

ಅದು ಗೂಟ ಇರಬೇಕು. ತುದಿ ಬ್ರಷ್ಷಿನ ಹಾಗೆ ಆಗಿದೆ ಅಂದರೆ ಭಾರ ಹೊತ್ತಿದೆ.

ಕೋರಮಂಡಲ್ ಲೈನ್

ನಾನು ಕೆಜಿಎಫ್‌ನವನು. ನಮ್ಮದು ಚಿನ್ನ, ನಿಮ್ಮದು ಇದ್ದಿಲು, ಆದರೂ ಹೇಳುತ್ತೇನೆ. ನಮ್ಮಲ್ಲಿ ಭಯ ಅಂದರೆ 'ಏರ್ ಬ್ಲಾಸ್ಟ್'. ನಮ್ಮ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಕಲ್ಲಿನ ಮೇಲೆ ಒತ್ತಡ ಎಷ್ಟೆಂದರೆ ಗೋಡೆ ಇದ್ದಕ್ಕಿದ್ದಂತೆ ಪಟಾಕಿಯ ಹಾಗೆ ಸಿಡಿಯುತ್ತೆ. ದೊಡ್ಡದಾದರೆ ಮೇಲೆ ಮನೆಗಳೂ ನಡುಗುತ್ತವೆ. ಅಜ್ಜಿ ಹೇಳುತ್ತಿದ್ದರು, ಅಟ್ಟದ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದರೆ ಲೈನಿನ (ಕಾರ್ಮಿಕರ ಸಾಲುಮನೆಗಳ) ಹೆಂಗಸರೆಲ್ಲ ಒಲೆ ಮೇಲಿದ್ದದ್ದನ್ನು ಹಾಗೇ ಬಿಟ್ಟು ಶಾಫ್ಟ್ ಕಡೆ ಓಡುತ್ತಿದ್ದರು ಅಂತ. ಅಲ್ಲಿ ನಿಂತು, ಜನರನ್ನು ಹೊತ್ತು ತರುವ ಕೇಜ್ ಮೇಲೆ ಬರುವುದನ್ನು ಕಾಯುವುದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಜ್ಜಿ ಆಮೇಲೂ ಲೋಟ ಬೋರಲು ಹಾಕಿಯೇ ಇಡುತ್ತಿದ್ದರು, ಒಂದರ ಪಕ್ಕ ಒಂದು ತಾಗದ ಹಾಗೆ.

ನಿವೃತ್ತ ಓವರ್‌ಮನ್

ಅದೇ ಹೆಸರು ನಮ್ಮಲ್ಲೂ ಇದೆ, ಆದರೆ ವಿಷಯ ಬೇರೆ. ಹುಡುಗ ಗೊಂದಲ ಮಾಡಿಕೊಳ್ಳಬಾರದು. ಕಲ್ಲಿದ್ದಲಲ್ಲಿ ಏರ್ ಬ್ಲಾಸ್ಟ್ ಅಂದರೆ ಗೋಫಿನ ರೂಫ್ ಬಹಳ ದಿನ ಬೀಳದೆ ಹಠ ಹಿಡಿದು, ಕೊನೆಗೆ ಒಂದೇ ಸಲ ಇಡೀ ಚಪ್ಪಡಿ ಕೂತುಬಿಡುವುದು. ಅಲ್ಲಿದ್ದ ಗಾಳಿ ಎಲ್ಲಾ ಓಣಿಗಳಲ್ಲಿ ನುಗ್ಗುತ್ತೆ. ಕಲ್ಲು ತಾಗುವುದಿಲ್ಲ, ಗಾಳಿಯೇ ಮನುಷ್ಯನನ್ನು ಎತ್ತಿ ಗೋಡೆಗೆ ಹೊಡೆಯುತ್ತೆ. ನಾನು ಒಮ್ಮೆ ಅದರ ಬಾಲ ಮಾತ್ರ ನೋಡಿದ್ದೇನೆ. ಹೆಲ್ಮೆಟ್ ಹಾರಿಹೋಯಿತು, ಬಾಯಿ ತುಂಬಾ ಪುಡಿ.

ಸಿಂಧನೂರು ಹುಡುಗ

ಸರ್, ನೀವು ರಾತ್ರಿ ಬರೆಯುತ್ತೇನೆ ಅಂದಿದ್ದು? ಅಮ್ಮನಿಗೆ ಇದನ್ನೆಲ್ಲ ಓದಿ ಹೇಳುತ್ತಿದ್ದೇನೆ. ಲೋಟದ ವಿಷಯ ಕೇಳಿ ಎದ್ದು ಒಳಗೆ ಹೋದರು.

ನಿವೃತ್ತ ಓವರ್‌ಮನ್

ಬರೆಯುತ್ತೇನೆ. ಗಣಿ ಯಾವುದು ಅಂತ ಯಾರೂ ಕೇಳಬೇಡಿ.

1990ರ ದಶಕ. ಸೆಕೆಂಡ್ ಶಿಫ್ಟ್, ಡಿಪಿಲ್ಲರಿಂಗ್ ನಡೆಯುತ್ತಿತ್ತು. ನನ್ನ ಡಿಸ್ಟ್ರಿಕ್ಟಿಗೆ, ಅಂದರೆ ಗಣಿಯೊಳಗೆ ನಾನು ನೋಡಿಕೊಳ್ಳುತ್ತಿದ್ದ ಭಾಗಕ್ಕೆ, ಆ ದಿನ 12 ಗೂಟ ಬೇಕಿತ್ತು, ಬಂದದ್ದು 7. ಉಳಿದದ್ದು ಇನ್ನೊಂದು ಡಿಸ್ಟ್ರಿಕ್ಟಿಗೆ ಹೋಗಿದೆ, ನೈಟ್ ಶಿಫ್ಟಿಗೆ ಬರುತ್ತೆ ಅಂತ ಫೋನಿನಲ್ಲಿ ಹೇಳಿದರು. ಕೆಲಸ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹಿಂದಿನ ಎರಡು ದಿನ ಟಬ್ ಕಮ್ಮಿ ಆಗಿತ್ತು, ಬೈಸಿಕೊಂಡಿದ್ದೆ.

ರಾತ್ರಿ ಒಂಬತ್ತರ ಸುಮಾರಿಗೆ ಗೂಟ ಚಿಟಿಚಿಟಿ ಅನ್ನತೊಡಗಿತು. ಸರ್ದಾರ್, ಅಂದರೆ ನನ್ನ ಕೈಕೆಳಗಿನ ಮೇಲ್ವಿಚಾರಕ, ಎಲ್ಲರನ್ನೂ ಕೂಗಿ ಹಿಂದೆ ಕರೆದ. ಬಂದರು. ನಿಂತೆವು. ಐದು ನಿಮಿಷ, ಹತ್ತು ನಿಮಿಷ, ಏನೂ ಆಗಲಿಲ್ಲ. ಆಗ ಒಬ್ಬ ಫಿಲ್ಲರ್, ನಮ್ಮ ಕಡೆಯ ಹುಡುಗ, "ಸಲಿಕೆ ಅಲ್ಲೇ ಉಳಿಯಿತು" ಅಂತ ಹೋದ. ಬೇಡ ಅಂದೆ. "ಇಲ್ಲೇ ಅಣ್ಣಾ, ನಾಲ್ಕು ಹೆಜ್ಜೆ" ಅಂದ. ಬಗ್ಗಿ ಸಲಿಕೆಗೆ ಕೈ ಹಾಕಿದ. ಮಂಚದಷ್ಟು ದೊಡ್ಡ ಚಪ್ಪಡಿ. ಸದ್ದು ಕೂಡ ದೊಡ್ಡದಾಗಿ ಬರಲಿಲ್ಲ, ಜೋಳದ ಚೀಲ ಇಳಿಸಿದ ಹಾಗೆ ಅಷ್ಟೇ.

ಜೀವ ಉಳಿಯಿತು. ಸೊಂಟ ಮುರಿದಿತ್ತು. ಸ್ಟ್ರೆಚರ್ ಮೇಲೆ ಹಾಕಿಕೊಂಡು ಇಳಿಜಾರು ಹತ್ತಿ ಹೊರಗೆ ಬರಲು ಒಂದೂವರೆ ಗಂಟೆ ಆಯಿತು, ನಾಲ್ಕು ನಾಲ್ಕು ಜನ ಬದಲಾಗುತ್ತಾ. ಅವನ ಕ್ಯಾಪ್ ಲ್ಯಾಂಪ್ ಉರಿಯುತ್ತಲೇ ಇತ್ತು. ತಲೆ ಆ ಕಡೆ ಈ ಕಡೆ ಹೊರಳಿದಾಗ ಬೆಳಕು ನಮ್ಮ ಕಣ್ಣಿಗೆ ಹೊಡೆಯುತ್ತಿತ್ತು, ಕಾಲು ಎಲ್ಲಿಡುತ್ತೇವೆ ಅಂತ ಕಾಣುತ್ತಿರಲಿಲ್ಲ. ಅದನ್ನು ಆರಿಸಬೇಕು ಅಂತ ಎಂಟು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ವರದಿಯಲ್ಲಿ ಬರೆದದ್ದು: "ಸಪೋರ್ಟ್ ಇಲ್ಲದ ಜಾಗಕ್ಕೆ ಸೂಚನೆ ಮೀರಿ ಹೋಗಿದ್ದಾನೆ." ಅದರಲ್ಲಿ ಸುಳ್ಳು ಒಂದಕ್ಷರ ಇಲ್ಲ. ಸಪೋರ್ಟ್ ಯಾಕೆ ಇರಲಿಲ್ಲ ಅನ್ನುವ ಸಾಲು ಇಲ್ಲ ಅಷ್ಟೇ. ಕೆಳಗೆ ನನ್ನ ಸಹಿ ಇದೆ.

ಬಂಡೆಪ್ಪ 77

ಬೇಜಾರಾಗಬೇಡಿ ಹಿರಿಯರೇ, ಆದರೆ ತಪ್ಪು ಅವನದೇ ಅಲ್ವಾ? ಬೇಡ ಅಂದ ಮೇಲೂ ಹೋದರೆ ಯಾರು ಏನು ಮಾಡಲು ಆಗುತ್ತೆ?

ನಿವೃತ್ತ ಓವರ್‌ಮನ್

ಫಿಲ್ಲರ್‌ಗೆ ಆಗ ಟಬ್ ಲೆಕ್ಕದಲ್ಲಿ ಕೂಲಿ. ಸಲಿಕೆ ಹೋದರೆ ಆ ಹೊತ್ತಿನ ಟಬ್ ಹೋಯಿತು. ನಾಲ್ಕು ಹೆಜ್ಜೆಗೆ ಅವನು ಹಾಕಿದ ಲೆಕ್ಕ ಅದು. ಐದು ಗೂಟಕ್ಕೆ ನಾನು ಹಾಕಿದ ಲೆಕ್ಕವೂ ಅದೇ. ವರದಿಗೆ ಅವನ ಲೆಕ್ಕ ಮಾತ್ರ ಸೇರಿತು.

ಮಸ್ಕಿಯವಳು

ಬಂಡೆಪ್ಪನವರೇ, ನಾನೂ ಗಣಿ ಕಾಲೊನಿಯಲ್ಲಿ ಬೆಳೆದವಳು. ಎಲ್ಲರೂ ಸಾವಿನ ಬಗ್ಗೆ ಮಾತಾಡುತ್ತೀರಿ. ನಮ್ಮ ಕಾಲೊನಿಯಲ್ಲಿ ಸಂಜೆ ಹರಟೆ ಕಟ್ಟೆಯ ಮೇಲೆ ಕೂತ ಗಂಡಸರ ಬೆರಳು ಎಣಿಸಿದರೆ ಲೆಕ್ಕ ಸರಿ ಬರುತ್ತಿರಲಿಲ್ಲ. ಟಬ್ಬಿಗೆ ಟಬ್ ಕೊಂಡಿ ಹಾಕುವಾಗ ನಡುವೆ ಸಿಕ್ಕಿದ ಬೆರಳು.

ನಮ್ಮ ಅಪ್ಪನಿಗೆ ಮುಂಗೈ ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಮರುದಿನ ಬೆಳಗ್ಗೆ ಜೀಪ್ ಬಂತು. ಮಸ್ಟರ್ (ಹಾಜರಿ) ಹಾಕಿಸಿ ಲ್ಯಾಂಪ್ ರೂಮಿನ ಬೆಂಚಿನ ಮೇಲೆ ಕೂರಿಸಿದರು. ಕೆಲಸ ಇಲ್ಲ, ಚಹಾ ಕೊಡುತ್ತಿದ್ದರು. ಸಂಜೆ ಜೀಪಿನಲ್ಲೇ ಮನೆಗೆ. ಹದಿನೈದು ದಿನ ಹೀಗೆ. ಎಂಥ ಒಳ್ಳೆಯ ಜನ ಅಂತ ಅಮ್ಮ ಅಂದುಕೊಂಡಿದ್ದಳು. ನಾನು ದೊಡ್ಡವಳಾದ ಮೇಲೆ ಗೊತ್ತಾಯಿತು, ಗಾಯದಿಂದ 72 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರಲು ಆಗದಿದ್ದರೆ ಅದನ್ನು 1952ರ ಮೈನ್ಸ್ ಆ್ಯಕ್ಟ್ ಪ್ರಕಾರ ವರದಿ ಮಾಡಬೇಕಿತ್ತು. ಅಪ್ಪ ಒಂದು ದಿನವೂ ತಪ್ಪಿಸಲಿಲ್ಲವಲ್ಲ! ಬೆಂಚಿನ ಮೇಲೆ ಇದ್ದರು.

ಆ ವರ್ಷ ಗಣಿಗೆ ಸುರಕ್ಷತೆಯ ಬಹುಮಾನ ಬಂದು ಎಲ್ಲರಿಗೂ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟರು. ಅದರಲ್ಲೇ ಈಗ ನಾನು ಸಾಸಿವೆ ಹಾಕಿ ಇಟ್ಟಿದ್ದೇನೆ.

ಕೋರಮಂಡಲ್ ಲೈನ್

ಡಬ್ಬಿ! ದೇವರೇ.

ಸುರತ್ಕಲ್ ಬ್ಯಾಚು

ನಾನು ಮೈನಿಂಗ್ ಎಂಜಿನಿಯರಿಂಗ್ ಓದಿದವನು, ಕೆಲವು ವರ್ಷ ಜಾರ್ಖಂಡಿನ ಝರಿಯಾ ಕಡೆ ಇದ್ದೆ. ಈಗ ಆ ಕೆಲಸದಲ್ಲಿ ಇಲ್ಲ. ಒಂದು ಮಾತು ಸೇರಿಸುತ್ತೇನೆ. ರೂಫ್ ಬಿದ್ದಾಗ ಹೆಚ್ಚಾಗಿ ಒಬ್ಬರೋ ಇಬ್ಬರೋ ಸಾಯುತ್ತಾರೆ, ಪೇಪರಿನ ಒಳಪುಟದಲ್ಲಿ ಎರಡು ಸಾಲು. ಗುಂಪಾಗಿ ಸತ್ತಿರುವುದು ಗ್ಯಾಸ್‌ನಿಂದ, ನೀರಿನಿಂದ.

ಗ್ಯಾಸ್ ಎಲ್ಲರಿಗೂ ಗೊತ್ತು. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15ರ ನಡುವೆ ಇದ್ದರೆ ಒಂದು ಕಿಡಿ ಸಾಕು. ಹಾಗಾಗಿ 1.25ಕ್ಕೇ ಕರೆಂಟ್ ಕಟ್ ಮಾಡಬೇಕು ಅಂತ ನಿಯಮ. ಹುಡುಗ ಗ್ಯಾಸ್ ಟೆಸ್ಟಿಂಗ್ ಸರ್ಟಿಫಿಕೇಟ್ ತಗೊಳ್ಳಬೇಕಲ್ಲ, ಆಗ ಹಳೆಯ ಸೇಫ್ಟಿ ಲ್ಯಾಂಪಿನ ಬತ್ತಿ ಸಣ್ಣ ಮಾಡಿ, ಜ್ವಾಲೆಯ ತಲೆಯ ಮೇಲೆ ತಿಳಿ ನೀಲಿ ಟೋಪಿ ಕಾಣುತ್ತಾ ಅಂತ ನೋಡಲು ಹೇಳುತ್ತಾರೆ, ಕಂಡರೆ ಗ್ಯಾಸ್ ಇದೆ ಅಂತ. ಚೆನ್ನಾಗಿ ನೋಡಿ ಕಲಿ. ಗ್ಯಾಸ್ ಹೊತ್ತಿದರೆ ಅದು ನೆಲದ ಮೇಲಿನ ಕಲ್ಲಿದ್ದಲು ಪುಡಿಯನ್ನು ಎಬ್ಬಿಸಿ ಹೊತ್ತಿಸುತ್ತೆ, ಪುಡಿಯ ಸ್ಫೋಟ ಗ್ಯಾಸಿಗಿಂತ ಕೆಟ್ಟದ್ದು. ಫ್ರಾನ್ಸಿನ ಕೂರಿಯೇರ್‌ನಲ್ಲಿ 1906ರ ಮಾರ್ಚ್ 10ರಂದು 1099 ಜನ ಸತ್ತಿದ್ದು ಪುಡಿಯಿಂದ. ಎಲ್ಲಾ ಮುಗಿಯಿತು ಅಂದುಕೊಂಡ ಮೇಲೆ 20 ದಿನಕ್ಕೆ 13 ಜನ ತಾವೇ ಹೊರಗೆ ನಡೆದುಕೊಂಡು ಬಂದರು. ನಮ್ಮಲ್ಲಿ 1958ರಲ್ಲಿ ಚಿನಾಕುರಿ, 1965ರಲ್ಲಿ ಧೋರಿ. ಧೋರಿಯಲ್ಲಿ 268 ಜನ. 2006ರಲ್ಲಿ ಭಾಟ್‌ಡೀಹ್, 50 ಜನ. ಇಂಥ ಕಡೆ ಬೆಂಕಿಗಿಂತ ಆಮೇಲೆ ಉಳಿಯುವ ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಜನರನ್ನು ಕೊಲ್ಲುತ್ತೆ. ಆ ವಿಷಗಾಳಿಯಿಂದ ಪಾರಾಗಲು ಸೊಂಟಕ್ಕೆ ಕಟ್ಟಿಕೊಳ್ಳುವ ಉಸಿರಾಟದ ಸಾಧನ, ಸೆಲ್ಫ್ ರೆಸ್ಕ್ಯೂಯರ್, ಭಾರ ಅಂತ ಬಿಚ್ಚಿಡುವವರನ್ನು ನಾನೇ ನೋಡಿದ್ದೇನೆ.

ಆದರೆ ನನಗೆ ನಿದ್ದೆ ಕೆಡಿಸುತ್ತಿದ್ದುದು ನೀರು. 1975ರ ಡಿಸೆಂಬರ್ 27, ಧನ್‌ಬಾದ್ ಹತ್ತಿರ ಚಾಸ್‌ನಾಲಾ. ಹಳೆಯ ಗಣಿಯಲ್ಲಿ ನಿಂತಿದ್ದ ನೀರು ಒಡೆದು ನುಗ್ಗಿ 375 ಜನ ಹೋದರು. 1995ರಲ್ಲಿ ಗಜ್ಲಿಟಾಂಡ್‌ನಲ್ಲಿ 64, ಅಲ್ಲಿ ನದಿಯೇ ಉಕ್ಕಿ ಒಳಗೆ ಬಂತು. 2001ರಲ್ಲಿ ಬಾಗ್ಡಿಗಿ, 29. 2003ರ ಜೂನ್‌ನಲ್ಲಿ ತೆಲಂಗಾಣದ ಗೋದಾವರಿಖನಿಯಲ್ಲಿ 17.

ನೀರಿಗೆ ವಾಸನೆ ಇಲ್ಲ, ಗೂಟದ ಹಾಗೆ ಮಾತೂ ಇಲ್ಲ. ಗೋಡೆಯ ಆಚೆ ನೀರಿದೆ ಅಂತ ಹೇಳುವುದು ಒಂದೇ, ನಕ್ಷೆ. ನೀರು ನಿಂತ ಹಳೆ ಗಣಿಯಿಂದ 60 ಮೀಟರ್ ಒಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ. ಹೋದರೆ ಮುಂದೆ ಬೋರ್ ಹೋಲ್ ಹಾಕಿ ನೋಡಿಕೊಂಡು ಹೋಗಬೇಕು. ಸರಿ. ಆದರೆ 60 ಮೀಟರ್ ಯಾವುದರಿಂದ ಅಳೆಯುವುದು? ಐವತ್ತು ವರ್ಷದ ಹಿಂದೆ ಯಾರೋ ಬರೆದ ಗೆರೆಯಿಂದ. ಆ ಗೆರೆ ಬರೆದ ಮೇಲೂ ಆಚೆಯವರು ಇನ್ನೊಂದಿಷ್ಟು ಕಲ್ಲಿದ್ದಲು ತೆಗೆದಿದ್ದರೆ? ನಕ್ಷೆಯಲ್ಲಿ ದಪ್ಪ ಗೋಡೆ, ನೆಲದೊಳಗೆ ಹಪ್ಪಳ. ನಾನು ಹಳೆ ನಕ್ಷೆ ಮುಂದೆ ಇಟ್ಟುಕೊಂಡು ಸರ್ವೇಯರ್ ಜೊತೆ ಗಂಟೆಗಟ್ಟಲೆ ಜಗಳ ಆಡಿದ್ದೇನೆ. ಅವನಿಗೂ ಗೊತ್ತಿರುತ್ತಿರಲಿಲ್ಲ, ನನಗೂ.

ಶಕ್ತಿನಗರ ನೈಟ್ ಶಿಫ್ಟ್

ಬದುಕಿ ಬಂದದ್ದೂ ಇದೆಯಲ್ಲ ಸರ್. ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ ಕ್ಯಾಪ್ಸೂಲ್ ಇಳಿಸಿ ಎತ್ತಿದ್ದು.

ಸುರತ್ಕಲ್ ಬ್ಯಾಚು

ಹೌದು, ಮಹಾವೀರ್ ಗಣಿ, 1989ರ ನವೆಂಬರ್. ನೀರು ನುಗ್ಗಿ 71 ಜನ ಒಳಗೆ ಉಳಿದರು, ಆರು ಜನ ಮುಳುಗಿದರು. ಮೇಲಿಂದ ರಂಧ್ರ ಕೊರೆದು, ಒಬ್ಬ ನಿಲ್ಲುವಷ್ಟೇ ಅಗಲದ ಉಕ್ಕಿನ ಕೊಳವೆ ಮಾಡಿ ಇಳಿಸಿದರು. ಜಸ್ವಂತ್ ಸಿಂಗ್ ಗಿಲ್ ಅನ್ನುವ ಎಂಜಿನಿಯರ್ ತಾವೇ ಅದರಲ್ಲಿ ಕೆಳಗೆ ಹೋಗಿ, 65 ಜನರನ್ನು ಒಬ್ಬೊಬ್ಬರಾಗಿ ಮೇಲೆ ಕಳಿಸಿದರು.

ಬಂಡೆಪ್ಪ 77

ಸರಿ, ಒಪ್ಪಿದೆ. ಆದರೆ ಇವೆಲ್ಲ ಹಳೆ ಕಥೆ ಅಲ್ವಾ? ಈಗ ಮಿಷಿನ್ ಬಂದಿದೆ. ದೇಶದ ಕಲ್ಲಿದ್ದಲಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಓಪನ್‌ಕಾಸ್ಟ್‌ನಿಂದಲೇ ಬರುತ್ತೆ. ಸಲಿಕೆ ಹಿಡಿಯುವವರು ಎಲ್ಲಿದ್ದಾರೆ?

ನಿವೃತ್ತ ಓವರ್‌ಮನ್

ನಿಜ, ಬದಲಾಗಿದೆ. ಸಲಿಕೆ ಜಾಗಕ್ಕೆ ಎಸ್‌ಡಿಎಲ್ ಅನ್ನುವ ಕಲ್ಲಿದ್ದಲು ತುಂಬುವ ಮಿಷಿನ್ ಬಂತು, ಗೂಟದ ಜಾಗಕ್ಕೆ ರೂಫ್ ಬೋಲ್ಟ್ ಬಂತು. ಬೋಲ್ಟ್ ಒಳ್ಳೆಯದು. ಪದರಗಳನ್ನು ಒಂದಕ್ಕೊಂದು ಹೊಲಿದ ಹಾಗೆ ಹಿಡಿಯುತ್ತೆ. ಆದರೆ ಬೋಲ್ಟ್ ಹಾಕಲು ಯಾರೋ ಒಬ್ಬ ಬೋಲ್ಟ್ ಇಲ್ಲದ ರೂಫಿನ ಕೆಳಗೆ ಡ್ರಿಲ್ ಹಿಡಿದು ಹೋಗಬೇಕಲ್ಲ? ಅಲ್ಲೇ ಇರುವುದು ವಿಷಯ. ಸಾಮಾನ್ಯವಾಗಿ ಅವನು ಕಾಂಟ್ರ್ಯಾಕ್ಟ್ ಹುಡುಗ ಆಗಿರುತ್ತಾನೆ.

ಮತ್ತೆ ಹೌಲೇಜ್. ಅದನ್ನು ಯಾರೂ ಹೇಳಲಿಲ್ಲ. ಶಿಫ್ಟ್ ಮುಗಿದ ಮೇಲೆ ಎರಡು ಕಿಲೋಮೀಟರ್ ಏರು ನಡೆಯಬೇಕು. ಪಕ್ಕದಲ್ಲೇ ರೋಪ್ ಟಬ್ಬುಗಳನ್ನು ಎಳೆದುಕೊಂಡು ಮೇಲೆ ಹೋಗುತ್ತಿರುತ್ತೆ. ಕಾಲು ಸೋತಿರುತ್ತೆ. ಹತ್ತಿ ಕೂರೋಣ ಅನ್ನಿಸುತ್ತೆ. ಎಲ್ಲರೂ ಕೂತಿದ್ದೇವೆ, ನಾನೂ ಕೂತಿದ್ದೇನೆ. ರೋಪ್ ಹರಿದರೆ ಟಬ್ ಹಿಂದಕ್ಕೆ ಓಡುತ್ತೆ, ದಾರಿಯಲ್ಲಿ ಇರುವವರನ್ನೆಲ್ಲ ಬಡಿದುಕೊಂಡು. ಗೋಡೆಯಲ್ಲಿ ಅಲ್ಲಲ್ಲಿ ಮ್ಯಾನ್‌ಹೋಲ್ ಅಂತ ಗೂಡು ಕೊರೆದಿರುತ್ತಾರೆ, ಒಳಗೆ ಸರಿದು ನಿಲ್ಲಲು. ಹುಡುಗಾ, ಮೊದಲ ದಿನವೇ ಅವು ಎಲ್ಲೆಲ್ಲಿವೆ ಅಂತ ನೋಡಿಕೊ. ಎಷ್ಟೋ ಕಡೆ ಅದರೊಳಗೆ ಹಳೆ ಸಾಮಾನು ತುಂಬಿರುತ್ತಾರೆ. ಖಾಲಿ ಇವೆಯಾ ಅಂತಲೂ ನೋಡು.

ಮಸ್ಕಿಯವಳು

ಎದೆಯ ಎಕ್ಸ್‌ರೇ ವಿಷಯ ಕೂಡ ಹೇಳಿ. ಸೇರುವ ಮೊದಲು ತೆಗೆಯುತ್ತಾರಲ್ಲ, ಅದರ ರಿಪೋರ್ಟಿನ ಒಂದು ಪ್ರತಿ ನೀನು ಇಟ್ಟುಕೊ ತಮ್ಮಾ. ಐದೈದು ವರ್ಷಕ್ಕೆ ತಪಾಸಣೆ ಇರುತ್ತೆ, ಅದರ ಪ್ರತಿಯನ್ನೂ ಬಿಡಬೇಡ. ಅಪ್ಪನಿಗೆ ರಿಟೈರ್ ಆದ ಮೇಲೆ ಉಸಿರು ಕಟ್ಟತೊಡಗಿತು. ಪುಡಿಯಿಂದ ಬಂದದ್ದು ಅಂತ ತೋರಿಸಲು ಹಳೆ ಎಕ್ಸ್‌ರೇ ಕೇಳಿದರೆ, ಕಡತ ಸಿಗುತ್ತಿಲ್ಲ ಅಂದರು. ಬೀಡಿ ಸೇದುತ್ತಿದ್ದರಾ ಅಂತ ಕೇಳಿದರು. ಸೇದುತ್ತಿದ್ದರು. ಅಲ್ಲಿಗೆ ಮುಗಿಯಿತು.

ಸಿಂಧನೂರು ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಅಮ್ಮ ಮಾತಾಡಲಿಲ್ಲ. ಇವತ್ತು ಬೆಳಗ್ಗೆ ರೊಟ್ಟಿ ಬಡಿಯುತ್ತಾ ಕೇಳಿದರು, "ಆ ಹಿರಿಯರು ಐದು ಗೂಟ ಬರಲಿಲ್ಲ ಅಂದರಲ್ಲ, ಅವತ್ತು ನೀನೇ ಅವರ ಜಾಗದಲ್ಲಿ ಇದ್ದರೆ ಏನು ಮಾಡುತ್ತಿದ್ದೆ?" ಕೆಲಸ ನಿಲ್ಲಿಸುತ್ತಿದ್ದೆ ಅಂದೆ. "ಸುಳ್ಳು" ಅಂದರು.

ಸರ್, ನಿಲ್ಲಿಸಲು ಆಗುತ್ತಾ ನಿಜವಾಗಿ?

ನಿವೃತ್ತ ಓವರ್‌ಮನ್

ಆಗುತ್ತೆ. ಅಪಾಯ ಕಂಡರೆ ಜನರನ್ನು ಹೊರಗೆ ಕರೆಯುವುದು ಸರ್ದಾರ್‌ನ, ಓವರ್‌ಮನ್‌ನ ಕೆಲಸ ಅಂತ ನಿಯಮದಲ್ಲೇ ಬರೆದಿದೆ. ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಫೋನು ಬರುತ್ತೆ. ಬೈಗುಳ ಬರುತ್ತೆ. ಮರುದಿನ ಅದೇ ಜಾಗದಲ್ಲಿ ಇನ್ನೊಬ್ಬ ಓವರ್‌ಮನ್ ಕೆಲಸ ಮಾಡಿಸಿ, ಏನೂ ಆಗದೆ ಹೊರಗೆ ಬಂದು ನಿನ್ನನ್ನು ನೋಡಿ ನಗುತ್ತಾನೆ. ಅದೇ ಕಷ್ಟ. ಆ ಹುಡುಗನ ಸೊಂಟ ಮುರಿದ ಮೇಲೆ ನಾನು ಆರು ಸಲ ನಿಲ್ಲಿಸಿದ್ದೇನೆ. ಐದು ಸಲ ಏನೂ ಬೀಳಲಿಲ್ಲ. ಎರಡು ಸಲ ಮೆಮೋ ಕೊಟ್ಟರು. ಎರಡೂ ಮನೆಯಲ್ಲಿವೆ.

ಬರೆದುಕೊಡು ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊ. "ಗೂಟ ಇಲ್ಲ, ಆದರೂ ಕೆಲಸ ಮಾಡಿಸು" ಅಂತ ಬರೆದುಕೊಡಿ ಅಂದರೆ ಯಾರೂ ಕೊಡುವುದಿಲ್ಲ. ಅಲ್ಲಿಗೆ ಮಾತು ನಿಲ್ಲುತ್ತೆ.

ಸಿಂಧನೂರು ಹುಡುಗ

ಆರನೇ ಸಲ?

ನಿವೃತ್ತ ಓವರ್‌ಮನ್

ಬಿತ್ತು. ಊಟದ ಹೊತ್ತಿನಲ್ಲಿ. ಕೆಳಗೆ ಯಾರೂ ಇರಲಿಲ್ಲ. ಯಾರೂ ಸಾಯದಿದ್ದರೆ ಅದರ ಸುದ್ದಿ ಆಗಲ್ಲ, ಗೋಫ್ ಬಿದ್ದಿದೆ ಅಂತ ಬರೆದು ಮುಂದಿನ ಶಿಫ್ಟಿಗೆ ಕೊಟ್ಟೆ.

ಸಿಂಧನೂರು ಹುಡುಗ

ಇದನ್ನೂ ಓದಿ ಹೇಳಿದೆ ಸರ್. ಅಮ್ಮ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಊಟ ಒಳಗೇ ತಗೊಂಡು ಹೋಗಬೇಕಾ ಅಂತ ಕೇಳು ಅಂದರು.

ನಿವೃತ್ತ ಓವರ್‌ಮನ್

ಹೌದು, ಒಳಗೇ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡಲಿ, ಕೆಡುವುದಿಲ್ಲ. ಡಬ್ಬಿಯ ಮುಚ್ಚಳ ಮಾತ್ರ ತಿರುಪಿನದ್ದು ಇರಲಿ ಅಂತ ಹೇಳು. ಇಲಿ ಜಾಸ್ತಿ.